ಏಳನೇ ಸ್ಥಾನದ ಓಟಗಾರ್ತಿಗೆ ಮುಖಪುಟ ಯಾಕೆ?

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ಕಳೆದ ಸಂಚಿಕೆಯ ಮುಖಪುಟದಲ್ಲಿ, ಅಡ್ಡ ಇಟ್ಟ ತಡೆಗಳನ್ನು ಹಾರಿ ಓಡುವ ಹರ್ಡಲ್ಸ್ ಓಟಗಾರ್ತಿ ಜ್ಯೋತಿ ಯರ್ರಾಜಿ ಚಿತ್ರ ಹಾಕಿದ್ದೀರಿ. ಪ್ಯಾರಿಸ್ ಒಲಿಂಪಿಕ್ಸ್‌ನ ಹೀಟ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, ಆಕೆ ಏಳನೆಯವಳಾದಳು. ನಮ್ಮ ಅಶ್ವಿನಿ ನಾಚಪ್ಪ, ಪೂವಮ್ಮ ಇರುವಾಗ ಸೋತವಳನ್ನು ಯಾಕೆ ಮೆರೆಸಬೇಕು? ಒಂಬತ್ತನೇ ಕ್ಲಾಸಿನ ನನ್ನ ಮಗಳು ಆ ಚಿತ್ರ ನೋಡಿ ತಾನೂ ಹರ್ಡಲ್ಸ್ ಓಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಕಾಲು ಮುರಿದುಕೊಂಡರೆ ಯಾರು ಹೊಣೆ?

ಸಂಪಾದಕರ ಉತ್ತರ:

ಏಳನೇ ಸ್ಥಾನದ ಮಾತು ನಿಜ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಜ್ಯೋತಿ 13.16 ಸೆಕೆಂಡ್‌ನಲ್ಲಿ ಓಡಿ ಏಳನೆಯವರಾದರು. ಇನ್ನೊಂದು ಅವಕಾಶ ಕೊಡುವ ರೆಪಶಾಜ್ ಸುತ್ತಿನಲ್ಲಿ 13.17, ನಾಲ್ಕನೇ ಸ್ಥಾನ. ಅಲ್ಲಿಗೆ ಮುಗಿಯಿತು. ಆದರೆ ಮಹಿಳೆಯರ 100 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಬಂದಿದ್ದು 1972ರಲ್ಲಿ. ಅಂದಿನಿಂದ ಜ್ಯೋತಿ ಬರುವ ತನಕ ಆ ಗೆರೆಯ ಮೇಲೆ ಭಾರತದ ಒಬ್ಬಳೂ ನಿಂತಿರಲಿಲ್ಲ. ನೀವು ಕೊನೆಯ ಪುಟ ಮಾತ್ರ ಓದಿದ್ದೀರಿ. ದಯವಿಟ್ಟು ಹಿಂದಿನ ಪುಟಗಳನ್ನೂ ನೋಡಿ.

ಒಂದು ಪುಟ ನಮ್ಮ ಪಕ್ಕದ್ದೇ. 2020ರ ಜನವರಿ, ಮೂಡುಬಿದಿರೆ. ಸಂಪಾಜೆ ಘಾಟಿ ಇಳಿದು ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುವ ಊರು. ಅಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 20 ವರ್ಷದ ಈ ಹುಡುಗಿ 13.03 ಸೆಕೆಂಡ್‌ನಲ್ಲಿ ಓಡಿದರು. ಆಗ ರಾಷ್ಟ್ರೀಯ ದಾಖಲೆ ಅನುರಾಧಾ ಬಿಸ್ವಾಲ್ ಅವರದು, 13.38. ಅದು 2002ರಿಂದ ಹಾಗೇ ಇತ್ತು. ಮೂಡುಬಿದಿರೆಯ ಓಟ ಅದನ್ನು ಎಷ್ಟೋ ಹಿಂದೆ ಹಾಕಿತ್ತು. ಆದರೂ ಲೆಕ್ಕಕ್ಕೆ ಬರಲಿಲ್ಲ. ಕೂಟದಲ್ಲಿ ಆಕೆಗೆ ಉದ್ದೀಪನ ಮದ್ದಿನ ಪರೀಕ್ಷೆ ಆಗಿರಲಿಲ್ಲ, ಅಥ್ಲೆಟಿಕ್ಸ್ ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಇರಲಿಲ್ಲ. ಆಕೆಯ ತಪ್ಪು ಏನಿತ್ತು ಹೇಳಿ?

2022ರಲ್ಲಿ ಕೋಯಿಕ್ಕೋಡ್‌ನಲ್ಲಿ 13.09. ಈ ಸಲ ಬೆನ್ನಿಗೆ ಬೀಸಿದ ಗಾಳಿ ಸೆಕೆಂಡಿಗೆ 2.1 ಮೀಟರ್. ನಿಯಮ ಒಪ್ಪುವುದು 2.0. ಅದೂ ಹೋಯಿತು. ಎರಡು ಸಲ ಕೈಗೆ ಬಂದಿದ್ದು ಜಾರಿದರೆ ನಾವೆಲ್ಲ ಮನೆಗೆ ಹೋಗಿ ಕೂರ್ತೀವಿ, ಅಲ್ವಾ? ಅಪ್ಪ ಸೆಕ್ಯುರಿಟಿ ಗಾರ್ಡ್, ಅಮ್ಮ ಮನೆಗೆಲಸ, ಆಸ್ಪತ್ರೆಯ ಸ್ವಚ್ಛತೆ ಕೆಲಸ ಮಾಡಿ ಸಾಕಿದ ಮನೆಯ ಹುಡುಗಿ ಕೂರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಸೈಪ್ರಸ್‌ನಲ್ಲಿ 13.23 ಓಡಿ ದಾಖಲೆಯನ್ನು ಕಾಗದದ ಮೇಲೂ ತಮ್ಮದಾಗಿಸಿಕೊಂಡರು. ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ 12.82. ನಿಯಮ ಒಪ್ಪುವ ಗಾಳಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳು 13 ಸೆಕೆಂಡ್ ಒಳಗೆ ಓಡಿದ್ದು ಅದೇ ಮೊದಲು. ಅದೂ ನಮ್ಮ ಕರ್ನಾಟಕದಲ್ಲಿ.

ಮುಂದಿನ ವರ್ಷ ಬ್ಯಾಂಕಾಕ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಚಿನ್ನ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪಕ್ಕದ ಲೇನಿನ ಚೀನಾದ ವು ಯಾನಿ ಗುಂಡು ಹಾರುವ ಮುಂಚೆಯೇ ಎದ್ದರು. ಜ್ಯೋತಿಗೂ ಅನರ್ಹತೆಯ ಕೆಂಪು ಕಾರ್ಡ್ ತೋರಿಸಿದರು. ಆಕೆ ಟ್ರ್ಯಾಕ್ ಮೇಲೇ ನಿಂತು ವಾದಿಸಿದರು. ಕೊನೆಗೆ ಇಬ್ಬರಿಗೂ ಓಡಲು ಬಿಟ್ಟರು. ಓಟ ಮುಗಿದ ಮೇಲೆ ವು ಯಾನಿ ಅನರ್ಹರಾದರು, ಮೂರನೆಯವರಾಗಿ ಬಂದಿದ್ದ ಜ್ಯೋತಿಗೆ 12.91ರ ಬೆಳ್ಳಿ. ಅಂಥ ಗಲಾಟೆ ಆದ ಮೇಲೆ ಮತ್ತೆ ಓಟ ಶುರು ಮಾಡುವ ಬ್ಲಾಕ್‌ಗೆ ಕಾಲಿಟ್ಟು ತಲೆ ತಣ್ಣಗಿಟ್ಟುಕೊಳ್ಳುವುದು ನನಗೆ ಪದಕಕ್ಕಿಂತ ಜಾಸ್ತಿ ಅನಿಸುತ್ತದೆ. ಪ್ಯಾರಿಸ್‌ಗೆ ನೇರ ಅರ್ಹತೆಯ ಗಡಿ 12.77 ಇತ್ತು. ಆಕೆ ಫಿನ್ಲೆಂಡ್‌ನಲ್ಲಿ ಓಡಿದ್ದು 12.78. ಸೆಕೆಂಡ್‌ನ ನೂರನೇ ಒಂದು ಪಾಲು! ಕೊನೆಗೆ ರ‍್ಯಾಂಕಿಂಗ್ ಮೇಲೆ ಹೋದರು. ವಿಶ್ವದಾಖಲೆ ನೈಜೀರಿಯಾದ ಟೋಬಿ ಅಮುಸನ್ ಅವರ 12.12. ಅದಕ್ಕೂ ನಮಗೂ ದೂರ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಈಗ ಮಗಳ ವಿಷಯ. ನಿಮ್ಮ ಪತ್ರ ಬಂದ ಸಂಜೆ ನಾನು ಟೇಪು ಹಿಡಿದು ನಮ್ಮ ಕಾಫಿ ಕಣಕ್ಕೆ ಹೋದೆ. ಕಾಫಿ ಕೊಯ್ಲಿಗೆ ಇನ್ನೂ ದಿನ ಇದೆ, ಕಣ ಖಾಲಿ. ಎರಡು ಹರ್ಡಲ್ ನಡುವಿನ ದೂರ 8.5 ಮೀಟರ್. ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು ನಡೆದೆ. ಹನ್ನೊಂದು ಹೆಜ್ಜೆ ಆಯಿತು. ದೊಡ್ಡ ಓಟಗಾರ್ತಿಯರು ಒಂದು ಹರ್ಡಲ್ ದಾಟಿ ಇಳಿದು, ಮೂರೇ ಹೆಜ್ಜೆ ಹಾಕಿ, ಮುಂದಿನದಕ್ಕೆ ಏಳುತ್ತಾರೆ. ಇಷ್ಟಕ್ಕೆ ಸುಮಾರು ಒಂದು ಸೆಕೆಂಡ್. ಒಟ್ಟು ಹರ್ಡಲ್ ಹತ್ತು. ಎತ್ತರ 83.8 ಸೆಂಟಿಮೀಟರ್, ನಮ್ಮ ಊಟದ ಮೇಜಿಗಿಂತ ನಾಲ್ಕು ಬೆರಳು ಮೇಲೆ. ಆ ಗೆರೆಗಳ ಮಧ್ಯೆ ನಿಂತಾಗ ನಿಮ್ಮ ಭಯ ನನಗೂ ಅರ್ಥವಾಯಿತು.

ಗಾಯ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. 2025ರ ಮೇನಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ಮತ್ತೆ ಏಷ್ಯನ್ ಚಿನ್ನ ಗೆದ್ದ ಜ್ಯೋತಿ, ಕೆಲವೇ ವಾರಗಳಲ್ಲಿ ಮೊಣಕಾಲಿಗೆ ಏಟು ಮಾಡಿಕೊಂಡು ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್ ತಪ್ಪಿಸಿಕೊಂಡರು. ಆದರೆ ನಿಮ್ಮ ಮಗಳು ನಾಳೆಯೇ 83.8ರ ಮೇಲೆ ಹಾರಬೇಕಿಲ್ಲ. 18ರ ಒಳಗಿನ ಹುಡುಗಿಯರ ಸ್ಪರ್ಧೆಯಲ್ಲೇ ಎತ್ತರ 76.2. ಕಲಿಯುವಾಗ ಮೊಣಕಾಲಿಗಿಂತ ಕೆಳಗಿಟ್ಟು ಶುರು ಮಾಡಿಸಿ. ಹರ್ಡಲ್ ಕಾಲಿಗೆ ತಾಗಿದರೆ ಮುಂದಕ್ಕೆ ಬೀಳುವ ಹಾಗೆ ಮಾಡಿರುತ್ತಾರೆ. ಹಾಗೆ ತಾಗಿ ಬಿದ್ದ ಮಾತ್ರಕ್ಕೆ ಸಾಮಾನ್ಯವಾಗಿ ಫೌಲ್ ಕೂಡ ಆಗುವುದಿಲ್ಲ. ಆದ್ದರಿಂದ ಗೂಟ ನೆಟ್ಟು ಬಿದಿರು ಕಟ್ಟಿ ಹಾರಿಸಬೇಡಿ, ಕಾಲು ಮುರಿಯುವುದು ಅಲ್ಲೇ. ಕಣದ ಸಿಮೆಂಟ್ ಮೇಲೂ ಓಡಿಸಬೇಡಿ. ಮಳೆ ನಿಂತು ಹುಲ್ಲಿನ ಮೈದಾನ ಗಟ್ಟಿಯಾಗುವ ತನಕ ಕಾಯಿರಿ.

ನಮ್ಮವರು ಇರುವಾಗ ಅಂದಿರಿ. ಪ್ರಮೀಳಾ ಅಯ್ಯಪ್ಪ ಅವರನ್ನು ಮರೆತಿರಾ? ನಮ್ಮ ಕೊಡಗಿನವರು. 2000ದ ಸಿಡ್ನಿ, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದವರು, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏಳು ಸ್ಪರ್ಧೆ ಸೇರಿದ ಹೆಪ್ಟಥ್ಲಾನ್‌ನಲ್ಲಿ ಕಂಚು ತಂದವರು. ಆ ಏಳು ಸ್ಪರ್ಧೆಗಳಲ್ಲಿ ಮೊದಲನೆಯದೇ 100 ಮೀಟರ್ ಹರ್ಡಲ್ಸ್. ನಿಮ್ಮ ಮಗಳು ಆರಿಸಿಕೊಂಡಿದ್ದು ಹೊರಗಿನವರ ಆಟ ಅಲ್ಲ.

ಹರ್ಡಲ್ಸ್‌ನಲ್ಲಿ ನಡುವೆ ಮೂರು ಹೆಜ್ಜೆ ಇಟ್ಟರೆ ಪ್ರತಿ ಸಲವೂ ಒಂದೇ ಕಾಲು ಮುಂದೆ ಬರುತ್ತದೆ. ನಾಲ್ಕಾದರೆ ಕಾಲು ಬದಲಾಗುತ್ತದೆ. ಅಂಗಳದಲ್ಲಿ ಒಂದು ಕಡ್ಡಿ ಅಡ್ಡ ಇಟ್ಟು ಮಗಳನ್ನು ಸುಮ್ನೆ ದಾಟಲು ಹೇಳಿ. ಯಾವ ಕಾಲು ತಾನಾಗಿ ಮುಂದೆ ಬರುತ್ತದೆ ನೋಡಿ. ಎಡವೋ ಬಲವೋ, ಮುಂದಿನ ಪತ್ರದಲ್ಲಿ ತಿಳಿಸಿ.