ಎರಡು ತಿಂಗಳ ಕೂಸಿಗೆ ಕಬ್ಬಿಣಾಂಶದ ಸಿರಪ್ ಹಾಕಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ಹೆರಿಗೆಯಾಗಿ ಈಗ ಜಗಳೂರಿನ ತವರುಮನೆಯಲ್ಲಿ ಬಾಣಂತನದಲ್ಲಿದ್ದೇನೆ. ಮಗಳು ದಿನ ತುಂಬಿಯೇ ಹುಟ್ಟಿದಳು, ತೂಕ 3 ಕೆ.ಜಿ. ಇತ್ತು. ಆಗ 17 ಇದ್ದ ಹಿಮೋಗ್ಲೋಬಿನ್ ಒಂಬತ್ತನೇ ವಾರಕ್ಕೆ 10.4ಕ್ಕೆ ಇಳಿದಿದೆ. ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಬಸುರಿಯಲ್ಲಿ ನನಗೂ ರಕ್ತ ಕಡಿಮೆ ಇತ್ತು. ಅಕ್ಕನ ಎರಡು ವರ್ಷದ ಮಗನಿಗೆ ಆಶಾ ಕಾರ್ಯಕರ್ತೆ ಕೊಟ್ಟ ಸಿರಪ್ ಮನೆಯಲ್ಲಿದೆ, ಅದನ್ನೇ ನಾಲ್ಕು ಹನಿ ಹಾಕು ಅಂತಾರೆ ದೊಡ್ಡಮ್ಮ. ಹಾಕಲೇ? ನನ್ನ ಹಾಲಲ್ಲೇ ಸತ್ವ ಇಲ್ಲವೇ?

ಉತ್ತರ: ಹಾಕಬೇಡಿ. ನಿಮ್ಮ ಹಾಲಿನಲ್ಲಿ ಕೊರತೆಯೂ ಇಲ್ಲ.

ಹೊಟ್ಟೆಯೊಳಗೆ ಕೂಸಿಗೆ ಆಮ್ಲಜನಕ ಕಡಿಮೆ ಸಿಗುವುದರಿಂದ ಅದರ ಮೈ ಕೆಂಪು ರಕ್ತಕಣಗಳನ್ನು ಹೆಚ್ಚಾಗಿ ಮಾಡಿಕೊಂಡಿರುತ್ತದೆ. ಹುಟ್ಟಿ ಉಸಿರಾಡತೊಡಗಿದ ಮೇಲೆ ಅಷ್ಟು ಬೇಕಾಗದು. ಹಳೆಯ ಕಣಗಳು ಒಡೆಯುತ್ತವೆ, ಹೊಸವು ಕೆಲವು ವಾರ ನಿಧಾನವಾಗಿ ಹುಟ್ಟುತ್ತವೆ. ಎಂಟರಿಂದ ಹನ್ನೆರಡು ವಾರದೊಳಗೆ ಹಿಮೋಗ್ಲೋಬಿನ್ ಹತ್ತರ ಆಸುಪಾಸಿಗೆ ಇಳಿದು ತಾನಾಗಿ ಏರುತ್ತದೆ. ಒಡೆದ ಕಣಗಳ ಕಬ್ಬಿಣ ಎಲ್ಲೂ ಹೋಗಿಲ್ಲ, ಮುಂದಿನ ಬಳಕೆಗೆಂದು ಮೈಯಲ್ಲೇ ಕೂಡಿಕೊಂಡಿದೆ. ದಿನ ತುಂಬಿದ ಕೂಸು ಹುಟ್ಟುವಾಗಲೇ ಕೆ.ಜಿ.ಗೆ ಸುಮಾರು 75 ಮಿಲಿಗ್ರಾಂ ಕಬ್ಬಿಣ ತಂದಿರುತ್ತದೆ. ಬಹುಪಾಲು ಸೇರುವುದು ಕೊನೆಯ ಮೂರು ತಿಂಗಳಲ್ಲಿ. ನಾಲ್ಕರಿಂದ ಆರು ತಿಂಗಳು ಅದೇ ಸಾಕಾಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಸ್ವಲ್ಪವೇ ಇದ್ದರೂ ಕೂಸಿನ ಮೈಗೆ ಚೆನ್ನಾಗಿ ಹತ್ತುತ್ತದೆ. ಏನಾದರೂ ಸರಿ ತಾಯಿಯ ಹಾಲನ್ನೇ ದೂರುವ ಮಾತು ಕೇಳಿದರೆ ನನಗೆ ಬೇಸರವಾಗುತ್ತದೆ. ಆ ಮಾತಿಗೆ ಹೆದರಿ ಆಕಳ ಹಾಲು ಶುರುಮಾಡಿದವರನ್ನು ಕಂಡಿದ್ದೇನೆ. ವರ್ಷ ತುಂಬುವ ಮೊದಲು ಅದು ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಿಸಿ ಇದ್ದ ಕಬ್ಬಿಣವನ್ನೂ ಕಳೆಯಬಹುದು.

ಆಶಾ ಕಾರ್ಯಕರ್ತೆ ಕೊಟ್ಟದ್ದು ಆರು ತಿಂಗಳು ದಾಟಿದ ಮಕ್ಕಳದು. ಅದರ ಒಂದು ಎಂ.ಎಲ್.ನಲ್ಲೇ 20 ಮಿಲಿಗ್ರಾಂ ಕಬ್ಬಿಣವಿದೆ, ಕೊಡುವುದು ವಾರಕ್ಕೆ ಎರಡೇ ಸಲ. ನಿಮ್ಮ ಕೂಸಿಗೆ ಹನಿ ಲೆಕ್ಕದಲ್ಲಿ ಹಾಕುವ ಔಷಧ ಅದಲ್ಲ. ಅಕ್ಕನ ಮಗನ ಕೈಗೂ ಬಾಟಲಿ ಸಿಗದಂತೆ ಮೇಲಿಡಿ, ಸಿಹಿಯೆಂದು ಒಟ್ಟಿಗೆ ಕುಡಿದರೆ ಜೀವಕ್ಕೇ ಅಪಾಯ.

ದಿನ ತುಂಬದೆ ಹುಟ್ಟಿದ, ಎರಡೂವರೆ ಕೆ.ಜಿ.ಗಿಂತ ಹಗುರವಿದ್ದ ಮಕ್ಕಳ ಮಾತು ಬೇರೆ. ಅವರಿಗೆ ಕೆಲವೇ ವಾರಗಳಲ್ಲಿ ವೈದ್ಯರು ತೂಕ ನೋಡಿ ಹನಿ ಶುರುಮಾಡುತ್ತಾರೆ. ತಾಯಿಗೆ ರಕ್ತ ತೀರಾ ಕಡಿಮೆಯಿದ್ದರೂ ಕೂಸಿನ ದಾಸ್ತಾನು ತುಸು ಕಮ್ಮಿಯಿರಬಹುದು. ಹಾಗಾಗಿ 14ನೇ ವಾರದ ಲಸಿಕೆಗೆ ಹೋದಾಗ ತಾಯಿ ಕಾರ್ಡ್ ತೋರಿಸಿ, ಬಸುರಿಯಲ್ಲಿ ನಿಮ್ಮ ಹಿಮೋಗ್ಲೋಬಿನ್ ಎಷ್ಟಿತ್ತೆಂದು ಮಕ್ಕಳ ವೈದ್ಯರಿಗೆ ಹೇಳಿ. ಅಷ್ಟರೊಳಗೆ ಕೂಸು ಮೊಲೆ ಚೀಪುವಾಗ ಸುಸ್ತಾಗಿ ಬೆವರಿದರೆ, ತೂಕ ಏರದಿದ್ದರೆ, ಅಂಗೈ ಬಿಳಿಚಿಕೊಂಡರೆ, ಕಣ್ಣಿನ ಹಳದಿ ಹೋಗದಿದ್ದರೆ ಕಾಯದೆ ತೋರಿಸಿ.

ನಿಜವಾಗಿ ಎಚ್ಚರ ಬೇಕಾಗುವುದು ಆರು ತಿಂಗಳಾದ ಮೇಲೆ. ಆಗ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿಯ ಸರಿ ಮಾಡಿ. ಮೊಳಕೆ ಬಂದರೆ ಅದರ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಬೇಯಿಸಿದ ಬೇಳೆ, ಸೊಪ್ಪಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ಅದನ್ನೂ ಮೆತ್ತಗೆ ಮಾಡಿ ತಿನ್ನಿಸಿ. ಆಶಾ ಕಾರ್ಯಕರ್ತೆಯ ಸಿರಪ್ ಕೂಡ ಆಗಲೇ. ಮಲ ಕಪ್ಪಗಾದರೆ ಗಾಬರಿ ಬೇಡ.

ಇನ್ನು ನಿಮ್ಮ ಪಾಲಿನ ಕಬ್ಬಿಣಾಂಶದ ಕೆಂಪು ಗುಳಿಗೆ. ಹೆರಿಗೆಯಾದ ಮೇಲೂ 180 ದಿನ, ದಿನಕ್ಕೊಂದು ನುಂಗಬೇಕು, ಚಹಾದ ಜೊತೆ ಮಾತ್ರ ಬೇಡ. ಅದರಿಂದ ಹಾಲಿನ ಕಬ್ಬಿಣ ಹೆಚ್ಚೇನೂ ಬದಲಾಗದು. ಅದು ನಿಮ್ಮ ರಕ್ತಕ್ಕಾಗಿ.