ಮಿಶಿಗನ್ ಎದುರು ಸೋತರೆ ಒಹಾಯೊ ಸ್ಟೇಟ್ ಅಭಿಮಾನಿಗಳಿಗೆ ಯಾಕಷ್ಟು ಕೋಪ?

ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಈ ಎರಡು ವಿಶ್ವವಿದ್ಯಾಲಯಗಳ ಪೈಪೋಟಿ 1897ರಿಂದಲೂ ಇದೆ. ಆದರೆ ಈಗಿನ ಕೋಪಕ್ಕೆ ಮುಖ್ಯ ಕಾರಣ ಆಟಗಾರರ ಆಯ್ಕೆ. ಹೈಸ್ಕೂಲ್‌ನ ಒಳ್ಳೊಳ್ಳೆ ಹುಡುಗರನ್ನು ಸೆಳೆಯುವುದರಲ್ಲಿ ಒಹಾಯೊ ಸ್ಟೇಟ್ ಸಾಮಾನ್ಯವಾಗಿ ಮಿಶಿಗನ್‌ಗಿಂತ ಮುಂದು. ಅಂಥವರಿದ್ದೂ ಸೋತರೆ ಬೈಗುಳ ಕೋಚ್‌ಗೇ ಅಲ್ವಾ?

2021ರಿಂದ 2024ರವರೆಗೆ ಸತತ ನಾಲ್ಕು ಸಲ ಸೋತರು. ಕೊನೆಯದಂತೂ ಕೊಲಂಬಸ್‌ನ ಸ್ವಂತ ಮೈದಾನದಲ್ಲೇ, 13–10. ಆಗ ಮಿಶಿಗನ್ ಮೊದಲ 25 ತಂಡಗಳ ಪಟ್ಟಿಯಲ್ಲೂ ಇರಲಿಲ್ಲ! ಕೋಚ್ ರಯಾನ್ ಡೇ ಅವರನ್ನು ತೆಗೆಯಿರಿ ಎಂಬ ಕೂಗೆದ್ದಿತು. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಒಂದೇ ಮ್ಯಾಚಿನಿಂದ ಇಡೀ ವರ್ಷದ ದುಡಿಮೆಯನ್ನು ಅಳೆಯಬಾರದು. ಎರಡು ತಿಂಗಳೊಳಗೆ ಅದೇ ತಂಡ ನೋಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಮಿಶಿಗನ್ ಎದುರಿನ ಸೋಲಿನ ಸರಣಿ ಮುರಿದದ್ದು 2025ರಲ್ಲಿ, 27–9ರಿಂದ.