ಪುರಂಗಿನ ಗಾಳಿ, ಬಿಸಿಲು, ಹುರಿಹಿಟ್ಟು

ಕೈಲಾಸ ಯಾತ್ರೆಗೆ ಹೊರಟಿದ್ದೇನೆ, ಆ ಪರ್ವತವಿರುವ ಟಿಬೆಟ್ಟಿನ ಪುರಂಗ್ ಕೌಂಟಿಯ ನೆಲ, ಹವೆ, ಜನಜೀವನ ಹೇಗಿದೆ ಎಂದು ಕೇಳಿದ್ದೀರಿ. ನಾನು 2018ರ ಆಗಸ್ಟ್ ಕೊನೆಯಲ್ಲಿ ಗಡಿಯ ಲಿಪುಲೇಖ್ ಕಣಿವೆದಾರಿ ದಾಟಿ ಹೋಗಿದ್ದೆ. ಹಿಮದ ನಾಡೆಂದು ಚೀಲದ ತುಂಬ ಉಣ್ಣೆ ಬಟ್ಟೆ ತುರುಕಿಕೊಂಡಿದ್ದೆ; ಇಳಿದ ದಿನವೇ ಬೇಕಾದದ್ದು ಒಡೆದ ತುಟಿಗೆ ಹಚ್ಚಲು ತುಪ್ಪ.

ಮುಂಗಾರಿನ ಮೋಡಗಳು ಬಹುಪಾಲು ಹಿಮಾಲಯದ ಈಚೆಗೇ ಬರಿದಾಗಿಬಿಡುತ್ತವೆ. ಆಚೆಗೆ ಬೋಳು ಗುಡ್ಡ, ಕಂದು ಮಣ್ಣು, ಕಣ್ಣು ಕುಕ್ಕುವ ನೀಲಿ ಆಕಾಶ. ಬೆಳಿಗ್ಗೆ ಬೆರಳು ಮರಗಟ್ಟುವ ಚಳಿ, ನಡುಹಗಲು ಚರ್ಮ ಸುಲಿಯುವ ಬಿಸಿಲು. ಇಳಿಹೊತ್ತಿಗೆ ಗಾಳಿ ಎದ್ದರೆ ಹಲ್ಲಿನ ಸಂದಿಯಲ್ಲೂ ಮರಳು. ಪುರಂಗಿನ ಮುಖ್ಯ ಪಟ್ಟಣ ತಕ್ಲಾಕೋಟೇ ಸುಮಾರು 3,900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 87 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯಿಸಲು ಹೋಗಬೇಡಿ. ಗಡಿಯಾರದ್ದು ಬೇರೆಯೇ ತಮಾಷೆ. ಸಮಯ ಬೀಜಿಂಗಿನದು, ಸೂರ್ಯ ಮಾತ್ರ ಹೆಚ್ಚುಕಡಿಮೆ ನಮ್ಮ ಪಂಚಾಂಗದವನು. ಬೆಳಿಗ್ಗೆ ಏಳು ಗಂಟೆಯಾದರೂ ಹೊರಗೆ ಕತ್ತಲು!

ಕರ್ನಾಲಿ ನದಿ ಹುಟ್ಟುವುದು ಇಲ್ಲೇ. ಟಿಬೆಟನ್ನರು ಅದನ್ನು ನವಿಲಿನ ಬಾಯಿಂದ ಬಂದ ನದಿ ಎನ್ನುತ್ತಾರೆ. ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಿರುಗಿಸಿಕೊಂಡು ಜವೆಗೋಧಿ ಬೆಳೆಯುತ್ತಾರೆ. ನಾನು ಹೋದಾಗ ಹೊಲಗಳು ಹಣ್ಣಾಗಿದ್ದವು; ಅಷ್ಟು ದೂರದ ಕಂದಿನ ನಡುವೆ ಅದೊಂದೇ ಹೊನ್ನಿನ ಬಣ್ಣ.

ಹಳ್ಳಿಯೊಂದರಲ್ಲಿ ಗೈಡ್ ಪರಿಚಯದವರ ಮನೆಗೆ ಕರೆದೊಯ್ದ. ಮರಗಳೇ ವಿರಳವಾದ ಊರು, ಒಲೆಯಲ್ಲಿ ಉರಿಯುತ್ತಿದ್ದದ್ದು ಚಮರಿಯ ಸಗಣಿಯ ಬೆರಣಿ. ಮನೆಯ ಅಜ್ಜಿ ಉಪ್ಪು, ಬೆಣ್ಣೆ ಹಾಕಿ ಕಡೆದ ಚಹಾ ಕೊಟ್ಟರು. ಚಹಾ ಎಂದುಕೊಂಡು ಕುಡಿದರೆ ಮುಖ ಸಿಂಡರಿಸುತ್ತೀರಿ, ಸಾರು ಎಂದುಕೊಂಡರೆ ರುಚಿಯಾಗಿದೆ. ಒಂದು ಗುಟುಕು ಕುಡಿದರೆ ಮತ್ತೆ ತುಂಬಿಸುತ್ತಾರೆ, ಸಾಕಾದರೆ ಬಟ್ಟಲನ್ನು ತುಂಬಿದ ಹಾಗೇ ಬಿಡಬೇಕಂತೆ. ಅದು ಗೊತ್ತಾಗುವಷ್ಟರಲ್ಲಿ ನನ್ನದು ಆರು ಬಟ್ಟಲಾಗಿತ್ತು. ಜೊತೆಗೆ ಕೊಟ್ಟ ತ್ಸಂಪಾ ಬೇರೇನಲ್ಲ, ಹುರಿದ ಜವೆಗೋಧಿಯ ಹಿಟ್ಟು. ನಮ್ಮ ರಾಗಿ ಹುರಿಹಿಟ್ಟಿನ ಅಕ್ಕನೋ ತಂಗಿಯೋ. ಚಹಾದಲ್ಲಿ ಕಲಸಿ ಮುಷ್ಟಿಯಲ್ಲಿ ಉಂಡೆ ಕಟ್ಟುವ ಕ್ರಮವನ್ನು ಅಜ್ಜಿ ನನ್ನ ಕೈ ಹಿಡಿದೇ ತೋರಿಸಿದರು.

ಕೈಲಾಸದ ಪರಿಕ್ರಮ ಸುಮಾರು 52 ಕಿಲೋಮೀಟರ್. ನಾವೂ ಬೌದ್ಧರೂ ಪ್ರದಕ್ಷಿಣೆ ಹಾಕಿದರೆ, ಟಿಬೆಟ್ಟಿನ ಹಳೆಯ ಬೋನ್ ಮತದವರು ಅಪ್ರದಕ್ಷಿಣೆಯಾಗಿ ಎದುರಿಗೇ ಬರುತ್ತಾರೆ. ಗಾಬರಿಯಾಗಿ ದಾರಿ ತಪ್ಪಿದೆವೆಂದುಕೊಳ್ಳಬೇಡಿ. ಸುಮಾರು 5,630 ಮೀಟರ್ ಎತ್ತರದ ಡೋಲ್ಮಾ ಲಾ ಕಣಿವೆದಾರಿ ಏರುವ ದಿನ ತಂದಿದ್ದ ಬಿಸ್ಕತ್ತು ಗಂಟಲಿಗಿಳಿಯಲಿಲ್ಲ. ಜೇಬಿನಲ್ಲಿದ್ದ ಅಜ್ಜಿಯ ಉಂಡೆಗಳೇ ಆ ದಿನದ ಊಟ.